ಬೇಲಿ, ಖಾತೆ, ಓಟು: ದಕ್ಷಿಣ ಟೆಕ್ಸಸ್‌ನ ರಾಂಚ್ ಸೀಮೆಯಲ್ಲಿ ಐದು ದಿನ

ಹ್ಯೂಸ್ಟನ್, ಆಸ್ಟಿನ್, ಡಾಲಸ್ ಕಡೆಯ ಕನ್ನಡಿಗರು ಟೆಕ್ಸಸ್‌ನ ದಕ್ಷಿಣದ ತುದಿಗೆ ಹೊರಟರೆ ಸಾಮಾನ್ಯವಾಗಿ ಸೌತ್ ಪಾಡ್ರೆ ದ್ವೀಪದ ಕಡಲಿಗೆ ನೇರ ಹೋಗಿ ನೇರ ವಾಪಸಾಗುತ್ತಾರೆ. ದಾರಿಯುದ್ದಕ್ಕೂ ಸಿಗುವ ಕುರುಚಲು ಕಾಡು ಕಾರಿನ ಕಿಟಕಿಗೆ ಬರೀ ಮುಳ್ಳಾಗಿ ಕಾಣುತ್ತದೆ. ಆ ಮುಳ್ಳು ಮೆಸ್ಕೀಟ್, ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದರ ಹಿಂದೆ ಅಮೆರಿಕದ ದನ ಸಾಕಣೆ ಹುಟ್ಟಿ ಬೆಳೆದ ರಾಂಚುಗಳ, ಎಂದರೆ ದೊಡ್ಡ ದನದ ಎಸ್ಟೇಟುಗಳ, ಸೀಮೆಯಿದೆ. ಉತ್ತರಕ್ಕೆ ನುಯೇಸಸ್ ನದಿ, ದಕ್ಷಿಣಕ್ಕೆ ರಿಯೊ ಗ್ರಾಂಡೆ. 1836ರಲ್ಲಿ ಮೆಕ್ಸಿಕೊದಿಂದ ಬೇರೆಯಾದ ಟೆಕ್ಸಸ್ ತನ್ನ ಗಡಿ ರಿಯೊ ಗ್ರಾಂಡೆ ಎಂದಿತು, ಮೆಕ್ಸಿಕೊ ನುಯೇಸಸ್ ಎಂದಿತು. 1846ರ ಯುದ್ಧ, 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದ ಆದಮೇಲೆ ಗಡಿ ರಿಯೊ ಗ್ರಾಂಡೆಗೆ ಬಂದು ನಿಂತಿತು. ಸ್ಪೇನ್ ದೊರೆಯ ಕಾಲದಿಂದ ಅಲ್ಲಿ ದನ ಮೇಯಿಸಿಕೊಂಡಿದ್ದ ಮನೆತನಗಳು ಕೂತಲ್ಲೇ ಬೇರೆ ದೇಶದವರಾದವು. ಅಂಥವರನ್ನು ಟೆಹಾನೊಗಳು ಎನ್ನುತ್ತಾರೆ. ಉತ್ತರದಿಂದ ಬಂದ ಬಿಳಿಯರು ಆಂಗ್ಲೊಗಳು. ಎರಡು ಬಣಗಳ ಜಗಳವನ್ನು ಜನಾಂಗದ ಜಗಳವೆಂದೇ ಹೇಳುವ ರೂಢಿ. ಆದರೆ ಈ ದಾರಿಯಲ್ಲಿ ಯಾವ ಊರಿನಲ್ಲಿ ನಿಂತು ಕೆದಕಿದರೂ ಅಡಿಯಲ್ಲಿ ಒಂದು ಕಾಗದ ಸಿಗುತ್ತದೆ. ಜಮೀನಿನ ಪತ್ರವೋ, ತೆರಿಗೆ ರಸೀದಿಯೋ, ಮತದಾರರ ಪಟ್ಟಿಯೋ.

ಹೋಗಲು ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ 38 ಡಿಗ್ರಿ ದಾಟುವುದು ಮಾಮೂಲು. ನವೆಂಬರ್‌ನಿಂದಾಚೆ ಜಿಂಕೆ ಬೇಟೆಯವರು ಬಂದು ಸಣ್ಣ ಊರುಗಳ ಮೋಟೆಲ್ ತುಂಬಿಸುತ್ತಾರೆ, ಕೊಠಡಿ ಮೊದಲೇ ಹಿಡಿಯಬೇಕು. ಭಾರತದ ಪಾಸ್‌ಪೋರ್ಟಿನವರು ಪಾಸ್‌ಪೋರ್ಟ್, ವೀಸಾ, ಐ-94ರ (ಅಮೆರಿಕ ಪ್ರವೇಶದ ದಾಖಲೆ) ಮುದ್ರಿತ ಪ್ರತಿ ಮೂರನ್ನೂ, ಗ್ರೀನ್ ಕಾರ್ಡಿನವರು ಆ ಕಾರ್ಡನ್ನೂ ಕೈಯಲ್ಲಿಟ್ಟುಕೊಳ್ಳಬೇಕು. ಮನೆಯಲ್ಲಿ ಬಿಟ್ಟು ಬಂದರೆ ಮೂರನೆಯ ದಿನ ತೊಡಕಾಗುತ್ತದೆ. ಯಾಕೆಂದು ಅಲ್ಲೇ ಹೇಳುವುದು ಒಳ್ಳೆಯದು.

ಮೊದಲ ದಿನ: ಬ್ರೌನ್ಸ್‌ವಿಲ್

ಬ್ರೌನ್ಸ್‌ವಿಲ್ ಅಥವಾ ಹಾರ್ಲಿಂಜನ್ ವಿಮಾನ ನಿಲ್ದಾಣದಲ್ಲಿ ಇಳಿದು ಕಾರು ಬಾಡಿಗೆಗೆ ಹಿಡಿಯುವುದೇ ಸುಲಭ. ಈ ಸೀಮೆಯಲ್ಲಿ ಬಸ್ಸು ನಂಬಿ ಹೊರಟರೆ ಐದು ದಿನದ ಪ್ರಯಾಣ ಹತ್ತು ದಿನವಾದೀತು. ಬೆಳಿಗ್ಗೆ ಮೊದಲು ಪಾಲೊ ಆಲ್ಟೊ. 1846ರ ಮೇ 8ರಂದು ಯುದ್ಧದ ಮೊದಲ ದೊಡ್ಡ ಕಾಳಗ ನಡೆದ ಬಯಲು ಈಗ ರಾಷ್ಟ್ರೀಯ ಉದ್ಯಾನ. ನೋಡಲು ಹುಲ್ಲೇ ಹುಲ್ಲು, ಒಂದು ಗಂಟೆ ಸಾಕು. ನೆರಳಿಲ್ಲ, ನೀರು ಒಯ್ಯಬೇಕು.

ಊರೊಳಗೆ ಸ್ಟಿಲ್‌ಮನ್ ಮನೆ ಇದೆ. ಚಾರ್ಲ್ಸ್ ಸ್ಟಿಲ್‌ಮನ್ 1848ರಲ್ಲಿ ಈ ಊರು ಕಟ್ಟಿದ ವ್ಯಾಪಾರಿ. ಕಟ್ಟಿದ ನೆಲ ಎಸ್ಪಿರಿತು ಸಾಂತೊ ಎಂಬ ಹಳೆಯ ಸ್ಪ್ಯಾನಿಷ್ ದತ್ತಿಯದು (ದೊರೆಯ ಹೆಸರಲ್ಲಿ ಕೊಟ್ಟ ಜಮೀನು), ಅದಕ್ಕೆ ವಾರಸುದಾರರು ಹಲವರು. ಇದು ನಮ್ಮ ಕಂದಾಯ ಕಚೇರಿ ಕಂಡವರಿಗೆ ತಕ್ಷಣ ಅರ್ಥವಾಗುವ ಸಂಗತಿ. ದತ್ತಿಯ ಜಮೀನು ತಲೆಮಾರಿನಿಂದ ತಲೆಮಾರಿಗೆ ಪೋಡಿಯಾಗದೆ ಜಂಟಿಯಾಗಿಯೇ ಉಳಿಯುತ್ತಿತ್ತು. ಹುಲ್ಲುಗಾವಲು ಹಂಚಿದರೆ ದನಕ್ಕೆ ನೀರು ಸಿಗದು, ಹಾಗಾಗಿ ಒಬ್ಬೊಬ್ಬರಿಗೂ ಒಂದು ಹಿಸ್ಸೆಯ ಹಕ್ಕು, ಮೇಯಿಸುವುದು ಒಟ್ಟಿಗೆ. ಮೆಕ್ಸಿಕೊ ಪದ್ಧತಿಯಲ್ಲಿ ಇದು ನಡೆಯುತ್ತಿತ್ತು. ಅಮೆರಿಕದ ಕೋರ್ಟಿನಲ್ಲಿ ಇದೇ ಬಿರುಕಾಯಿತು. ಹೊರಗಿನವನೊಬ್ಬ ಒಬ್ಬ ದಾಯಾದಿಯ ಹಿಸ್ಸೆ ಕೊಂಡರೆ ಸಾಕು, ಇಡೀ ಜಮೀನಿನ ವಿಭಜನೆಗೆ ದಾವೆ ಹಾಕಬಹುದು. ದಾವೆ ಇಂಗ್ಲಿಷಿನಲ್ಲಿ. ವಕೀಲನಿಗೆ ಕೊಡಲು ನಗದಿಲ್ಲದವರು ಜಮೀನನ್ನೇ ಕೊಟ್ಟರು. ಗೆದ್ದವರಿಗೂ ಕೊನೆಗೆ ಕಡಿಮೆಯೇ ಉಳಿಯಿತು.

ಮೂಲಪತ್ರಗಳ ಕತೆ ಇನ್ನೂ ಕೆಟ್ಟದು. 1850ರಲ್ಲಿ ಟೆಕ್ಸಸ್ ಸರ್ಕಾರ ಈ ದತ್ತಿಗಳನ್ನು ಪರಿಶೀಲಿಸಲು ಬೋರ್ಲಂಡ್ ಮತ್ತು ಮಿಲ್ಲರ್ ಎಂಬ ಇಬ್ಬರು ಕಮಿಷನರುಗಳನ್ನು ಕಳಿಸಿತು. ಜನ ಮೂಲಪತ್ರಗಳನ್ನೇ ತಂದು ಒಪ್ಪಿಸಿದರು. ನವೆಂಬರಿನಲ್ಲಿ ಮಿಲ್ಲರ್ ಹತ್ತಿದ್ದ ಆನ್ಸನ್ ಎಂಬ ಹಬೆದೋಣಿ ಮುಳುಗಿತು, ಪತ್ರಗಳ ಪೆಟ್ಟಿಗೆ ಅದರೊಂದಿಗೇ ಹೋಯಿತು. 1852ರಲ್ಲಿ ಶಾಸನಸಭೆ ಬಹಳಷ್ಟು ದತ್ತಿಗಳನ್ನು ಮಾನ್ಯ ಮಾಡಿದ್ದು ನಿಜ. ಆದರೆ ಸರ್ಕಾರ ಒಪ್ಪುವುದು ಒಂದು, ಪಕ್ಕದವನ ದಾವೆ ಗೆಲ್ಲುವುದು ಇನ್ನೊಂದು.

ಸಂಜೆ ಮಾರ್ಕೆಟ್ ಚೌಕದ ಸುತ್ತ ನಡೆಯಬೇಕು. ಇದೇ ಊರಿನಲ್ಲಿ 1859ರ ಜುಲೈ 13ರಂದು ನಗರದ ಮಾರ್ಷಲ್ ರಾಬರ್ಟ್ ಶಿಯರ್ಸ್ ಒಬ್ಬ ಮುದುಕ ದನಗಾಹಿಯನ್ನು ಹೊಡೆಯುತ್ತಿದ್ದ. ಆ ಮುದುಕ ತನ್ನ ತಾಯಿಯ ರಾಂಚಿನಲ್ಲಿ ದುಡಿದವನೆಂದು ಗುರುತು ಹಿಡಿದ ಹ್ವಾನ್ ಕೊರ್ತೀನಾ ಮಾರ್ಷಲನಿಗೆ ಗುಂಡು ಹೊಡೆದು, ಮುದುಕನನ್ನು ಕುದುರೆಯ ಹಿಂದೆ ಕೂರಿಸಿಕೊಂಡು ಹೋದ. ಸೆಪ್ಟೆಂಬರ್ 28ರಂದು ಹಲವು ಹತ್ತು ಸವಾರರೊಂದಿಗೆ ಬಂದು ಊರನ್ನೇ ಹಿಡಿದ. ಕೊರ್ತೀನಾ ಬಡವನಲ್ಲ. ಎಸ್ಪಿರಿತು ಸಾಂತೊ ದತ್ತಿಯ ವಾರಸುದಾರರ ಮನೆಯವನು, ಚುನಾವಣೆಯಲ್ಲಿ ದನಗಾಹಿಗಳ ಓಟು ಕೂಡಿಸಿ ಕೊಡಬಲ್ಲವನು. ಆತನ ಘೋಷಣಾಪತ್ರದಲ್ಲಿ ಬೈಗುಳ ಹೆಚ್ಚಾಗಿ ಬಿದ್ದದ್ದು ಜಮೀನು ನುಂಗುವ ವಕೀಲರಿಗೆ. ಡಿಸೆಂಬರ್ 27ರಂದು ರಿಯೊ ಗ್ರಾಂಡೆ ಸಿಟಿಯಲ್ಲಿ ಸೈನ್ಯ ಮತ್ತು ರೇಂಜರುಗಳ (ಟೆಕ್ಸಸ್ ರಾಜ್ಯದ ಸಶಸ್ತ್ರ ಪಡೆ) ಎದುರು ಸೋತು ಮೆಕ್ಸಿಕೊಗೆ ಸರಿದ, ಮುಂದೆ ಅಲ್ಲಿ ತಮೌಲಿಪಾಸ್‌ನ ಗವರ್ನರ್ ಕೂಡ ಆದ. ಇತ್ತ ಬ್ರೌನ್ಸ್‌ವಿಲ್‌ನಿಂದ ರಿಯೊ ಗ್ರಾಂಡೆ ಸಿಟಿವರೆಗಿನ 120 ಮೈಲಿ ಹಾಳುಬಿದ್ದಿತೆಂದು ಮೇಜರ್ ಹೈಂಟ್ಸಲ್‌ಮನ್ ವರದಿ ಬರೆದ.

ಎರಡನೆಯ ದಿನ: ನದಿಯ ಜೊತೆಜೊತೆಗೆ

ಬೆಳಿಗ್ಗೆ ಏಳಕ್ಕೆ ಹೊರಟು ಹೆದ್ದಾರಿ 281ರ ಹಳೆಯ ಮಿಲಿಟರಿ ರಸ್ತೆ ಹಿಡಿಯಬೇಕು. ಮೇಲಿನ ಎಕ್ಸ್‌ಪ್ರೆಸ್ ದಾರಿ ಬೇಗ ತಲುಪಿಸುತ್ತದೆ, ಏನನ್ನೂ ತೋರಿಸುವುದಿಲ್ಲ. ಹಿದಾಲ್ಗೊ ಊರಿನ ಹಳೆಯ ಪಂಪ್‌ಹೌಸ್ ಈಗ ವಸ್ತುಸಂಗ್ರಹಾಲಯ. 1909ರಲ್ಲಿ ಕಟ್ಟಿದ್ದು, ಹಬೆ ಯಂತ್ರಗಳು ನದಿ ನೀರನ್ನು ಕಾಲುವೆಗೆ ಎತ್ತುತ್ತಿದ್ದವು, ಉರುವಲು ಇದೇ ಮೆಸ್ಕೀಟ್. 1904ರಲ್ಲಿ ಬ್ರೌನ್ಸ್‌ವಿಲ್‌ಗೆ ರೈಲು ಬಂತು. ಹಿಂದೆಯೇ ಪಂಪು ಬಂತು, ಪಂಪಿನ ಹಿಂದೆ ಉತ್ತರದ ರಾಜ್ಯಗಳಿಂದ ರೈತರು ರೈಲು ತುಂಬ ಬಂದರು. ಎಕರೆಗೆ ಹುಲ್ಲಿನ ಬೆಲೆಯಿದ್ದ ನೆಲಕ್ಕೆ ತರಕಾರಿಯ ಬೆಲೆ ಬಂತು, ತೆರಿಗೆಯೂ ಅದರ ಜೊತೆ ಏರಿತು. ಸಣ್ಣ ಟೆಹಾನೊ ರಾಂಚಿನವರು ಮುರಿದದ್ದು ಇಲ್ಲೇ. ಹಳೆಯ ಆಂಗ್ಲೊ ರಾಂಚ್ ಧಣಿ ಸ್ಪ್ಯಾನಿಷ್ ಮಾತಾಡುತ್ತಿದ್ದ, ಎಷ್ಟೋ ಕಡೆ ಟೆಹಾನೊ ಮನೆಯ ಅಳಿಯನೂ ಆಗಿದ್ದ. ಹೊಸ ರೈತನಿಗೆ ಮೆಕ್ಸಿಕನ್ ಎಂದರೆ ಕೂಲಿ, ಅಷ್ಟೇ.

ಮುಂದೆ ಲೋಸ್ ಎಬಾನೊಸ್ ಕಡವು. ಹಗ್ಗ ಹಿಡಿದು ಕೈಯಲ್ಲೇ ಎಳೆಯುವ ದೋಣಿ, ಒಂದು ಸಲಕ್ಕೆ ಮೂರು ಕಾರು. ನದಿ ಉಕ್ಕಿದರೆ ನಿಲ್ಲುತ್ತದೆ. ಆಚೆ ದಡ ಮೆಕ್ಸಿಕೊ. ವೀಸಾ ಒಮ್ಮೆ ಮಾತ್ರ ಒಳಬರುವಂಥದ್ದಾಗಿದ್ದರೆ ದಾಟುವ ಆಸೆ ಬೇಡ, ದಡದಿಂದ ನೋಡಿ ಮುಂದುವರಿಯಿರಿ.

ನಕ್ಷೆಯಲ್ಲಿ ಸ್ಟಾರ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಜಮೀನಿನ ಗೆರೆಗಳನ್ನು ಇಲ್ಲಿ ತೆಗೆದು ನೋಡಬೇಕು. ನದಿಗೆ ಲಂಬವಾಗಿ ರಿಬ್ಬನ್ನಿನಂಥ ಪಟ್ಟಿಗಳು. ಇವು 1767ರಲ್ಲಿ ಸ್ಪ್ಯಾನಿಷ್ ಅಧಿಕಾರಿಗಳು ಅಳೆದು ಹಂಚಿದ 'ಪೊರ್ಸಿಯೋನ್'ಗಳು. ಅಗಲ ಮುಕ್ಕಾಲು ಮೈಲಿಗಿಂತ ತುಸು ಕಡಿಮೆ, ಉದ್ದ 11ರಿಂದ 16 ಮೈಲಿ. ಪ್ರತಿ ಮನೆಗೂ ನದಿಯ ಒಂದು ತುಂಡು ಸಿಕ್ಕಿ ದನಕ್ಕೆ ನೀರು ಖಾತ್ರಿಯಾಗಲೆಂದು ಈ ಆಕಾರ. ಮಕ್ಕಳಿಗೆ ಉದ್ದಕ್ಕೆ ಹಂಚುತ್ತ ಹೋದರೆ ಮೂರು ತಲೆಮಾರಿಗೆ ಗಾಡಿದಾರಿಯಷ್ಟೇ ಉಳಿಯುತ್ತದೆ. ಜಂಟಿ ಖಾತೆ ಯಾಕೆ ಬೇಕಿತ್ತೆಂದು ಈ ಗೆರೆಗಳೇ ಹೇಳುತ್ತವೆ.

ರಿಯೊ ಗ್ರಾಂಡೆ ಸಿಟಿಯಲ್ಲಿ ಊಟ. ಈ ಊರಿನ ಹಳೆಯ ರಾಜಕೀಯ ಕೆಂಪು ಮತ್ತು ನೀಲಿ ಎಂಬ ಎರಡು ಕ್ಲಬ್ಬುಗಳದು. ಬಣ್ಣ ಯಾಕೆಂದರೆ ಓದು ಬಾರದ ಮತದಾರ ಗುರುತು ಹಿಡಿಯಲಿಕ್ಕೆ. ಚುನಾವಣೆ ಯಂತ್ರ ನಡೆಯುತ್ತಿದ್ದ ರೀತಿ ಹೀಗೆ. ಧಣಿ ತನ್ನ ದನಗಾಹಿಗಳನ್ನು ಹಿಂದಿನ ದಿನವೇ ಒಂದೆಡೆ ಕೂಡಿಸಿ ಮಾಂಸ, ಮದ್ಯ, ಸಂಗೀತ ಕೊಟ್ಟು ರಾತ್ರಿ ಉಳಿಸಿಕೊಳ್ಳುವುದು. ಬೆಳಿಗ್ಗೆ ಸಾಲಾಗಿ ಮತಗಟ್ಟೆಗೆ ಒಯ್ಯುವುದು. ದನ ಕೂಡಿಹಾಕುವುದಕ್ಕೂ ಇದಕ್ಕೂ ಒಂದೇ ಪದ, ಕೊರಾಲ್. ಪೌರತ್ವ ಬೇಕೆಂದು ಅರ್ಜಿ ಕೊಟ್ಟ ವಿದೇಶಿಗೂ ಟೆಕ್ಸಸ್‌ನಲ್ಲಿ 1921ರವರೆಗೆ ಓಟಿತ್ತು, ಹಾಗಾಗಿ ಚುನಾವಣೆಗೆ ಮುಂಚೆ ನದಿಯಾಚೆಯವರಿಂದ ಅರ್ಜಿ ತುಂಬಿಸುವುದೂ ನಡೆಯಿತು. 1902ರಲ್ಲಿ ತಲೆತೆರಿಗೆ ಬಂತು. ಅಕ್ಟೋಬರ್ 1ರಿಂದ ಜನವರಿ 31ರೊಳಗೆ ಒಂದೂವರೆ ಡಾಲರಿನಿಂದ ಒಂದೂಮುಕ್ಕಾಲು ಡಾಲರ್ ಕಟ್ಟಿ ರಸೀದಿ ಇಟ್ಟುಕೊಂಡವನಿಗೆ ಮಾತ್ರ ಓಟು. ಬಡವರ ಓಟು ತಡೆಯಲು ಬಂದ ಈ ಕಾನೂನು ಧಣಿಗಳ ಕೈಯನ್ನು ಗಟ್ಟಿ ಮಾಡಿತು: ದುಡ್ಡು ಕಟ್ಟುವವನು ಧಣಿ, ರಸೀದಿಗಳ ಕಟ್ಟು ಧಣಿಯ ಪೆಟ್ಟಿಗೆಯಲ್ಲಿ.

ಹೊಡೆದಾಟಕ್ಕೂ ಕೊರತೆ ಇರಲಿಲ್ಲ. 1888ರ ಸೆಪ್ಟೆಂಬರಿನಲ್ಲಿ ಪತ್ರಕರ್ತ ಕಾತರೀನೊ ಗಾರ್ಸಾನ ಮೇಲೆ ಕಸ್ಟಮ್ಸ್ ಅಧಿಕಾರಿ ವಿಕ್ಟರ್ ಸೆಬ್ರೀ ಗುಂಡು ಹಾರಿಸಿ ಇಲ್ಲಿನ ಫೋರ್ಟ್ ರಿಂಗೋಲ್ಡ್ ಸೇರಿಕೊಂಡ. ರೊಚ್ಚಿಗೆದ್ದ ಗುಂಪು ಕೋಟೆಯ ತನಕ ಅಟ್ಟಿಸಿಕೊಂಡು ಬಂತು. 1906ರ ಚುನಾವಣೆಯ ಮುನ್ನಾದಿನದ ರಾತ್ರಿ ಜಿಲ್ಲಾ ನ್ಯಾಯಾಧೀಶ ಸ್ಟ್ಯಾನ್ಲಿ ವೆಲ್ಚ್ ಕೊಲೆಯಾದರು.

ಹದಿನೈದು ಮೈಲಿ ಮುಂದೆ ರೋಮಾ. ಚೌಕದ ಅಂಚಿನ ಮನ್ವೆಲ್ ಗೆರ್ರಾ ಅಂಗಡಿ-ಮನೆಯನ್ನು ಬಿಡಬಾರದು. ಜರ್ಮನ್ ಗಾರೆ ಕೆಲಸಗಾರ ಹೈನ್‌ರಿಶ್ ಪೋರ್ಟ್‌ಶೆಲರ್ ಕಟ್ಟಿದ್ದು, ಕಂಬದ ತಲೆ, ಕಿಟಕಿಯ ಹುಬ್ಬು ಎಲ್ಲವೂ ಅಚ್ಚು ಹಾಕಿದ ಇಟ್ಟಿಗೆ. ಗೆರ್ರಾ ಸ್ಟಾರ್ ಕೌಂಟಿಯ ರಾಜಕೀಯ ಧಣಿ, ಬ್ರೌನ್ಸ್‌ವಿಲ್‌ನ ಜಿಮ್ ವೆಲ್ಸ್ ಎಂಬ ವಕೀಲ-ಧಣಿಯ ಕೂಟದವನು. ಆತ ಟೆಹಾನೊ. ಆಂಗ್ಲೊ ಧಣಿ, ಟೆಹಾನೊ ಮಂದೆ ಎಂಬ ಸರಳ ಚಿತ್ರ ಈ ಅಂಗಡಿಯ ಮುಂದೆ ನಿಲ್ಲುವುದಿಲ್ಲ.

ಸಮಯವಿದ್ದರೆ ಇನ್ನೂ 50 ಮೈಲಿ ಹೋಗಿ ಸಾನ್ ಇಗ್ನಾಸಿಯೊದ ತ್ರೆವಿನ್ಯೊ-ಉರಿಬೆ ರಾಂಚ್ ನೋಡಬಹುದು. 1830ರಲ್ಲಿ ಶುರುವಾದ ಕಲ್ಲಿನ ಕೋಟೆಮನೆ. ಇಲ್ಲದಿದ್ದರೆ ಹಿಂತಿರುಗಿ ಎಡಿನ್‌ಬರ್ಗ್‌ನಲ್ಲಿ ರಾತ್ರಿ.

ಮೂರನೆಯ ದಿನ: ಉಪ್ಪಿನ ಕೆರೆ, ನೋರಿಯಾಸ್

ಎಡಿನ್‌ಬರ್ಗ್‌ನ ದಕ್ಷಿಣ ಟೆಕ್ಸಸ್ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಕೊಡಬೇಕು. ನಂತರ 281ರಲ್ಲಿ ಉತ್ತರಕ್ಕೆ, ಸಾನ್ ಮನ್ವೆಲ್ ಬಳಿ ರಾಜ್ಯ ಹೆದ್ದಾರಿ 186ಕ್ಕೆ ಬಲಗಡೆ. ಎಲ್ ಸಾಲ್ ದೆಲ್ ರೇ, 'ದೊರೆಯ ಉಪ್ಪು' ಎಂಬ ಕೆರೆ ಈ ರಸ್ತೆಯ ಪಕ್ಕದಲ್ಲಿ. ಕಾರು ನಿಲ್ಲಿಸಿ ಕಾಲುದಾರಿಯಲ್ಲಿ ನಡೆದರೆ ಮುಳ್ಳುಗಂಟಿ ತೆರೆದು ಬಿಳಿ ಹೊಳಪು ಕಾಣುತ್ತದೆ. ಮಳೆ ಬಿದ್ದ ಮರುದಿನ ದಂಡೆಯ ಕೆಸರು ಬೂಟು ಬಿಡಿಸಿಕೊಳ್ಳುತ್ತದೆ. ದನ ಸಾಕುವವರಿಗೆ, ಮಾಂಸ ಒಣಗಿಸುವವರಿಗೆ, ತೊಗಲು ಹದ ಮಾಡುವವರಿಗೆ ಉಪ್ಪೇ ಬಂಡವಾಳವಾಗಿತ್ತು.

1915ರ ಸುದ್ದಿ ಈ ಸುತ್ತಿನದು. ಜನವರಿಯಲ್ಲಿ ಮ್ಯಾಕ್ಅಲೆನ್‌ನಲ್ಲಿ ಬಾಸಿಲಿಯೊ ರಾಮೋಸ್ ಎಂಬಾತ ಸಿಕ್ಕಿಬಿದ್ದಾಗ ಆತನ ಬಳಿ ಒಂದು ಕಾಗದವಿತ್ತು, 'ಸಾನ್ ದಿಯೇಗೊ ಯೋಜನೆ'. ಫೆಬ್ರುವರಿ 20ರ ಬೆಳಗಿನ ಜಾವ 2 ಗಂಟೆಗೆ ದಂಗೆಯೆದ್ದು ನೈಋತ್ಯದ ರಾಜ್ಯಗಳನ್ನು ಬಿಡಿಸಿಕೊಳ್ಳುವುದು, ಹದಿನಾರು ದಾಟಿದ ಆಂಗ್ಲೊ ಗಂಡಸರನ್ನು ಕೊಲ್ಲುವುದು ಎಂದು ಅದರಲ್ಲಿ ಬರೆದಿತ್ತು. ಫೆಬ್ರುವರಿ 20 ಸುಮ್ಮನೆ ಕಳೆಯಿತು. ದಾಳಿಗಳು ಬೇಸಿಗೆಯಲ್ಲಿ ಬಂದವು. ಮುಂದಾಳುಗಳು ಅನಿಸೇತೊ ಪಿಸಾನ್ಯಾ, ಲುಯಿಸ್ ದೆ ಲಾ ರೋಸಾ. ಆಗಸ್ಟ್ 8ರಂದು ಕಿಂಗ್ ರಾಂಚಿನ (ನಾಳೆ ನೋಡುವ ದೊಡ್ಡ ರಾಂಚು) ನೋರಿಯಾಸ್ ವಿಭಾಗದ ಮೇಲೆ ದಾಳಿಯಾಯಿತು. ಅಕ್ಟೋಬರ್ 18ರಂದು ಓಲ್ಮಿಟೊ ಬಳಿ ರೈಲನ್ನು ಹಳಿತಪ್ಪಿಸಿದರು. ಪ್ರತೀಕಾರ ಇದಕ್ಕಿಂತ ಬಹಳ ದೊಡ್ಡದಾಗಿತ್ತು. ರೇಂಜರುಗಳು, ಶೆರಿಫರ (ಕೌಂಟಿಯ ಪೊಲೀಸ್ ಮುಖ್ಯಸ್ಥರ) ಜನ, ಸ್ವಯಂನೇಮಿತ ಗುಂಪುಗಳು ವಿಚಾರಣೆಯಿಲ್ಲದೆ ಕೊಂದವರು ಕೆಲವು ನೂರರಿಂದ ಸಾವಿರ ದಾಟುವವರೆಗೆ ಎಂದು ಬೇರೆಬೇರೆ ಲೆಕ್ಕಗಳಿವೆ. ಸೆಪ್ಟೆಂಬರ್ 27ರಂದು ಹೆಸೂಸ್ ಬಸಾನ್, ಆಂತೋನಿಯೊ ಲೊಂಗೋರಿಯಾ ಎಂಬ ಮಾವ-ಅಳಿಯ, ಇಬ್ಬರೂ ಜಮೀನುದಾರರು, ಕುದುರೆ ಕಳವಾಯಿತೆಂದು ರೇಂಜರುಗಳಿಗೇ ದೂರು ಕೊಟ್ಟು ಹಿಂತಿರುಗುವಾಗ ಹಿಂದಿನಿಂದ ಗುಂಡು ತಿಂದರು. ಹೂಳಲು ಬರುವವರಿಗೂ ಹೆದರಿಕೆ. ಹೆಣಗಳು ದಿನಗಟ್ಟಲೆ ರಸ್ತೆ ಬದಿಯಲ್ಲೇ ಬಿದ್ದಿದ್ದವು. ಇಂಥ ಭಯದಲ್ಲಿ ಮನೆಬಿಟ್ಟು ನದಿ ದಾಟಿದವರ ನೆಲಕ್ಕೆ ಬೆಲೆ ಕಟ್ಟುವವರು ಯಾರಿದ್ದರೆಂದು ಹೇಳಬೇಕಿಲ್ಲ.

ರೇಮಂಡ್‌ವಿಲ್‌ನಲ್ಲಿ ಪೆಟ್ರೋಲ್ ಟ್ಯಾಂಕು ಪೂರ್ತಿ ತುಂಬಿಸಬೇಕು. ಹೆದ್ದಾರಿ 77ರಲ್ಲಿ ಉತ್ತರಕ್ಕೆ ಸುಮಾರು 60 ಮೈಲಿ, ರಿವಿಯೆರಾವರೆಗೆ ಬಂಕು ನಂಬುವಂತಿಲ್ಲ. ಎರಡೂ ಕಡೆ ಎಂಟಡಿಯ ಬೇಲಿ. ನೋರಿಯಾಸ್ ಈ ದಾರಿಯಲ್ಲೇ ಇದ್ದರೂ ಖಾಸಗಿ ಜಮೀನು, ರಸ್ತೆಯಿಂದ ಬೋರ್ಡು ನೋಡುವುದಷ್ಟೇ. ಬೇಲಿ ಹತ್ತುವುದು ಇಲ್ಲಿ ತಮಾಷೆಯ ವಿಷಯವಲ್ಲ. ದಾಳಿಯ ಮರುದಿನ ಸತ್ತವರ ಹೆಣಗಳಿಗೆ ಹಗ್ಗ ಕಟ್ಟಿ, ಕುದುರೆ ಮೇಲೆ ಕೂತ ರೇಂಜರುಗಳು ಪೋಸು ಕೊಟ್ಟ ಫೋಟೊವನ್ನು ಬ್ರೌನ್ಸ್‌ವಿಲ್‌ನ ರಾಬರ್ಟ್ ರನ್ಯನ್ ತೆಗೆದರು. ಅದು ಅಂಚೆ ಕಾರ್ಡಾಗಿ ಮಾರಾಟವಾಯಿತು.

ಮುಸ್ಸಂಜೆ ಈ ರಸ್ತೆಯಲ್ಲಿ ವೇಗ ಇಳಿಸಬೇಕು, ನೀಲಗಾಯ್ ಅಡ್ಡ ಬರುತ್ತವೆ. ಹೌದು, ನಮ್ಮ ನೀಲಗಾಯ್. ಕಿಂಗ್ ರಾಂಚಿನವರು ಕಳೆದ ಶತಮಾನದ ಮೊದಲರ್ಧದಲ್ಲಿ ಮೃಗಾಲಯದಿಂದ ತಂದು ಬಿಟ್ಟವು ಈಗ ಸಾವಿರಗಟ್ಟಲೆಯಾಗಿವೆ. ಗಡಿಯುದ್ದಕ್ಕೂ ದನದ ಜ್ವರದ ಉಣುಗನ್ನು ತಡೆಯಲು ಸರ್ಕಾರದ ಕುದುರೆ ಸವಾರರು ಕಾವಲಿರುತ್ತಾರೆ. ದನವನ್ನಾದರೆ ಕೂಡಿಹಾಕಿ ಔಷಧದ ತೊಟ್ಟಿಯಲ್ಲಿ ಮುಳುಗಿಸಬಹುದು. ಬೇಲಿ ನುಸುಳುವ ನೀಲಗಾಯ್‌ಗೆ ಉಣುಗು ಹತ್ತಿದರೆ ಏನು ಮಾಡುವುದು?

ಸರೀಟಾಗೆ ಸ್ವಲ್ಪ ಮುಂಚೆ ಬಾರ್ಡರ್ ಪ್ಯಾಟ್ರೋಲ್, ಎಂದರೆ ಗಡಿ ಕಾವಲು ಪಡೆಯ, ತಪಾಸಣೆ, ಉತ್ತರಕ್ಕೆ ಹೋಗುವ ಪ್ರತಿ ಗಾಡಿಗೂ. ಕಿಟಕಿ ಇಳಿಸಿ, ಎಂಜಿನ್ ಚಾಲೂ ಇದ್ದಂತೆಯೇ, ಪೌರತ್ವ ಕೇಳಿದರೆ "ಇಂಡಿಯಾ" ಎಂದು ಕಾಗದ ಕೊಟ್ಟರೆ ಒಂದೆರಡು ನಿಮಿಷದ ಕೆಲಸ. ಕಾಗದ ಇಲ್ಲದವರನ್ನು ಪಕ್ಕಕ್ಕೆ ನಿಲ್ಲಿಸಿ ಕಂಪ್ಯೂಟರಿನಲ್ಲಿ ಹುಡುಕುತ್ತಾರೆ, ಎಷ್ಟು ಹೊತ್ತಾಗುವುದೋ ಹೇಳಲಾಗದು. ಸರೀಟಾ ಇರುವ ಕೆನೆಡಿ ಕೌಂಟಿ 1921ರಲ್ಲಿ ಆದದ್ದು, ಹೆಚ್ಚೂಕಡಿಮೆ ಪೂರ್ತಿ ರಾಂಚೇ, 2020ರ ಜನಗಣತಿಯಲ್ಲಿ 350 ಜನ. ರಾಂಚಿಗೊಂದು ಕೌಂಟಿ ಯಾಕೆ ಬೇಕು? ಕೌಂಟಿ ಎಂದರೆ ತೆರಿಗೆ ನಿಗದಿ ಮಾಡುವವನು, ಶೆರಿಫ್, ಜ್ಯೂರಿ. ಮೂರೂ ತಮ್ಮವರಾದರೆ ಬೇಲಿ ಗಟ್ಟಿ. 1911ರಿಂದ ಒಂದು ದಶಕ ಈ ಸೀಮೆಯಲ್ಲಿ ಬ್ರೂಕ್ಸ್, ಜಿಮ್ ಹಾಗ್, ಕ್ಲೇಬರ್ಗ್, ಕೆನೆಡಿ ಕೌಂಟಿಗಳು ಹುಟ್ಟಿದವು.

ನಾಲ್ಕನೆಯ ದಿನ: ಕಿಂಗ್ಸ್‌ವಿಲ್

ಇದು ಹಗುರ ದಿನ. ಕಿಂಗ್ ರಾಂಚಿನ ಬಸ್ ಪ್ರವಾಸ ಸುಮಾರು ಒಂದೂವರೆ ಗಂಟೆಯದು, ಮೊದಲೇ ಕಾಯ್ದಿರಿಸಬೇಕು. ಹಬೆದೋಣಿ ನಡೆಸುತ್ತಿದ್ದ ರಿಚರ್ಡ್ ಕಿಂಗ್ 1853ರಲ್ಲಿ 15,500 ಎಕರೆಯನ್ನು 300 ಡಾಲರಿಗೆ ಕೊಂಡದ್ದು ಆರಂಭ. ಈಗ 8,25,000 ಎಕರೆ, ನಾಲ್ಕು ಬಿಡಿ ವಿಭಾಗಗಳಾಗಿ. ನಮ್ಮ ಕೊಡಗು ಜಿಲ್ಲೆಯ ಮುಕ್ಕಾಲಿಗೂ ಮಿಕ್ಕಿ. 1854ರಲ್ಲಿ ಬರ ಬಿದ್ದ ತಮೌಲಿಪಾಸ್‌ನ ಕ್ರುಯಿಯಾಸ್ ಹಳ್ಳಿಯಿಂದ ಕಿಂಗ್ ದನಗಳನ್ನು ಕೊಂಡ, ಹಿಂದೆಯೇ ಹಳ್ಳಿಯ ಜನರನ್ನೂ ಕರೆತಂದ. ಅವರ ಸಂತತಿಯವರು 'ಕಿನೆನ್ಯೋಸ್', ಕಿಂಗ್‌ನ ಜನ. ಮನೆ, ಪಡಿತರ, ಶಾಲೆ ರಾಂಚಿನದು; ನಿಷ್ಠೆ, ಓಟು ಅವರದು. 1915ರಲ್ಲಿ ಅವರಲ್ಲಿ ಹಲವರು ದಾಳಿಕೋರರ ವಿರುದ್ಧ ರಾಂಚಿನ ಪರ ನಿಂತರು.

ಕೊಟ್ಟಿಗೆಯ ಬಳಿ ಕಡುಕೆಂಪು ಬಣ್ಣದ ಗೂಳಿ ಕಂಡರೆ ಕುತ್ತಿಗೆ ನೋಡಬೇಕು. ಸಡಿಲವಾಗಿ ಜೋಲುವ ಗಂಗೆದೊಗಲು, ಹೆಗಲ ಮೇಲೆ ಡುಬ್ಬದ ಸುಳಿವು. ಇದು ಸಾಂತಾ ಗರ್ಟ್ರೂಡಿಸ್ ತಳಿ: ಎಂಟರಲ್ಲಿ ಐದು ಪಾಲು ಶಾರ್ಟ್‌ಹಾರ್ನ್, ಮೂರು ಪಾಲು ಬ್ರಾಹ್ಮನ್. 1920ರಲ್ಲಿ ಹುಟ್ಟಿದ 'ಮಂಕಿ' ಎಂಬ ಹೋರಿ ಇದರ ಮೂಲಪುರುಷ, 1940ರಲ್ಲಿ ತಳಿಗೆ ಮಾನ್ಯತೆ. ಇಂಗ್ಲೆಂಡಿನ ದನ ಈ ಬಿಸಿಲಿಗೂ ಉಣುಗಿಗೂ ತಾಳದೆ ಇದ್ದುದರಿಂದ ಭಾರತದ ರಕ್ತ ಬೇಕಾಯಿತು. ಬ್ರಾಹ್ಮನ್ ತಳಿಯ ಹಿಂದೆ ಕಾಂಕ್ರೇಜ್, ಓಂಗೋಲ್, ಗಿರ್ ಜೊತೆ ನಮ್ಮ ಕೃಷ್ಣಾ ಕಣಿವೆ ತಳಿಯೂ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎರೆ ಹೊಲದಲ್ಲಿ ನೇಗಿಲೆಳೆದ ಆ ದನ ಊರಿನಲ್ಲೇ ಈಗ ಅಪರೂಪ.

ಐದನೆಯ ದಿನ: ಆಲಿಸ್, ಸಾನ್ ದಿಯೇಗೊ, ತ್ರೀ ರಿವರ್ಸ್

ರಾಜ್ಯ ಹೆದ್ದಾರಿ 141, ನಂತರ 281. ಮುಕ್ಕಾಲು ಗಂಟೆಯೊಳಗೆ ಆಲಿಸ್. ಅಲ್ಲಿ ನಿಲ್ಲದೆ ಮೊದಲು 10 ಮೈಲಿ ಪಶ್ಚಿಮಕ್ಕೆ ಸಾನ್ ದಿಯೇಗೊ, ಡುವಾಲ್ ಕೌಂಟಿಯ ಕೇಂದ್ರ. ಆರ್ಚಿ ಪಾರ್ ಎಂಬ ಸ್ಪ್ಯಾನಿಷ್ ಬಲ್ಲ ರಾಂಚಿನವನು ಇಲ್ಲಿ ಧಣಿಯಾದ. 1912ರ ಮೇ ತಿಂಗಳಲ್ಲಿ ಚುನಾವಣೆಯ ತಕರಾರಿನಲ್ಲಿ ಆಂಗ್ಲೊಗಳು ಮೂವರು ಟೆಹಾನೊಗಳನ್ನು ಕೊಂದಾಗ ಪಾರ್ ಟೆಹಾನೊಗಳ ಕಡೆ ನಿಂತ, ಆಮೇಲೆ ಆ ಓಟು ಬೇರೆಯವರಿಗೆ ಹೋಗಲಿಲ್ಲ. ಪ್ರೀತಿಯೋ ಲೆಕ್ಕವೋ? ಎರಡೂ ಇದ್ದವು ಎನ್ನುವುದೇ ಸರಿ. ಔಷಧ, ಹೆಣದ ಖರ್ಚು, ಕೌಂಟಿಯ ಕೆಲಸ ಕೊಡುತ್ತಿದ್ದವನು ಅವನೊಬ್ಬನೇ. ಖಜಾನೆಗೆ ಮಾತ್ರ ಲೆಕ್ಕವಿರಲಿಲ್ಲ. ಲೆಕ್ಕ ತಪಾಸಣೆ ಶುರುವಾದಾಗ, 1914ರ ಆಗಸ್ಟಿನಲ್ಲಿ, ಕೋರ್ಟು ಕಟ್ಟಡ ದಾಖಲೆಗಳ ಸಮೇತ ಸುಟ್ಟುಹೋಯಿತು. ಈಗಿರುವ ಕಟ್ಟಡ 1916ರದು.

1919ರ ಆರಂಭದಲ್ಲಿ ಬ್ರೌನ್ಸ್‌ವಿಲ್‌ನ ಶಾಸಕ ಹೊಸೆ ಕನಾಲೆಸ್ ರೇಂಜರುಗಳ ಮೇಲೆ 19 ಆರೋಪ ಹೊರಿಸಿ ವಿಚಾರಣೆ ನಡೆಸಿದರು. ಅದಕ್ಕೆ ಮುಂಚೆ ಬ್ರೌನ್ಸ್‌ವಿಲ್ ಬೀದಿಯಲ್ಲಿ ಫ್ರಾಂಕ್ ಹೇಮರ್ ಎಂಬ ರೇಂಜರ್ ತನಗೆ ಬೆದರಿಕೆ ಹಾಕಿದನೆಂದು ಕನಾಲೆಸ್ ಸಾಕ್ಷ್ಯದಲ್ಲೇ ಹೇಳಿದರು. 1600 ಪುಟದ ಆ ಸಾಕ್ಷ್ಯ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ, ರೇಂಜರ್ ಪಡೆಯ ಸಂಖ್ಯೆಯನ್ನು ಮಾತ್ರ ಇಳಿಸಿದರು. ಹೇಮರ್ ಹೆಸರು ನೆನಪಿಟ್ಟುಕೊಂಡು ಆಲಿಸ್‌ಗೆ ವಾಪಸಾಗಿ.

1948ರ ಆಗಸ್ಟ್ 28, ಡೆಮಾಕ್ರಟಿಕ್ ಪಕ್ಷದ ಸೆನೆಟ್ ಅಭ್ಯರ್ಥಿಯನ್ನು ಆರಿಸುವ ಮತದಾನ. ಲಿಂಡನ್ ಜಾನ್ಸನ್ ಎದುರು ಕೋಕ್ ಸ್ಟೀವನ್ಸನ್. ಆರು ದಿನದ ಮೇಲೆ ಆಲಿಸ್‌ನ 13ನೆಯ ಪೆಟ್ಟಿಗೆಯ ಲೆಕ್ಕ ತಿದ್ದುಪಡಿಯಾಯಿತು. ಜಾನ್ಸನ್‌ಗೆ 765 ಇದ್ದದ್ದು 965. ಏಳರ ಕೆಳಗೆ ಒಂದು ಸುತ್ತು ಎಳೆದು ಒಂಬತ್ತು ಮಾಡಿದಂತೆ ಕಾಣುತ್ತಿತ್ತು ಎಂದರು ನೋಡಿದವರು. ಪಟ್ಟಿಯ ಕೊನೆಗೆ 202 ಹೊಸ ಹೆಸರು (200 ಜಾನ್ಸನ್‌ಗೆ, ಎರಡು ಸ್ಟೀವನ್ಸನ್‌ಗೆ), ಒಂದೇ ಶಾಯಿ, ಒಂದೇ ಕೈ, ಅಕಾರಾದಿಯಾಗಿ. ಮತದಾರರು ಅಕ್ಷರಮಾಲೆಯ ಕ್ರಮದಲ್ಲಿ ಸರದಿ ನಿಂತಿದ್ದರೆನ್ನಬೇಕು. ಇಡೀ ರಾಜ್ಯದಲ್ಲಿ ಜಾನ್ಸನ್ ಗೆದ್ದದ್ದು 87 ಓಟಿನಿಂದ. ಈ ಪೆಟ್ಟಿಗೆ ಆರ್ಚಿಯ ಮಗ ಜಾರ್ಜ್ ಪಾರ್‌ನ ಹಿಡಿತದ್ದು. ಪಟ್ಟಿ ನೋಡಬೇಕೆಂದು ಸ್ಟೀವನ್ಸನ್ ಅದನ್ನಿಟ್ಟಿದ್ದ ಆಲಿಸ್‌ನ ಬ್ಯಾಂಕಿಗೆ ಬಂದಾಗ ಪಕ್ಕದಲ್ಲಿ ಪಿಸ್ತೂಲುಧಾರಿಯಾಗಿ ನಡೆದು ಬಂದವನು ಅದೇ ಫ್ರಾಂಕ್ ಹೇಮರ್. ಟೆಹಾನೊ ಶಾಸಕನನ್ನು ಬೆದರಿಸಿದವನು ಮೂವತ್ತು ವರ್ಷದ ಮೇಲೆ ಟೆಹಾನೊ ಹೆಸರುಗಳ ಪಟ್ಟಿಯ ಸಾಚಾತನ ಕೇಳುತ್ತ ನಿಂತಿದ್ದ. ಚುನಾವಣಾಧಿಕಾರಿ ಲುಯಿಸ್ ಸಾಲಾಸ್ ಓಟು ಸೇರಿಸಿದ್ದು ನಿಜವೆಂದು ಒಪ್ಪಿದ್ದು 1977ರಲ್ಲಿ. ಅಷ್ಟರಲ್ಲಿ ಜಾನ್ಸನ್ ಅಧ್ಯಕ್ಷರಾಗಿ, 1965ರ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿ, ತೀರಿಕೊಂಡಿದ್ದರು.

281ರಲ್ಲೇ ಉತ್ತರಕ್ಕೆ 50 ಮೈಲಿಗೆ ತುಸು ಮಿಕ್ಕಿ, ತ್ರೀ ರಿವರ್ಸ್. ಫಿಲಿಪ್ಪೀನ್ಸ್‌ನಲ್ಲಿ 1945ರಲ್ಲಿ ಸತ್ತ ಟೆಹಾನೊ ಸೈನಿಕ ಫೀಲಿಕ್ಸ್ ಲೊಂಗೋರಿಯಾರ ದೇಹ 1949ರಲ್ಲಿ ಈ ಊರಿಗೆ ಬರಬೇಕಿತ್ತು. ಶವಸಂಸ್ಕಾರದ ಚಾಪೆಲ್ ಕೊಡಲು ಅದರ ಮಾಲೀಕ ಒಪ್ಪಲಿಲ್ಲ. ಬಿಳಿಯರಿಗೆ ಹಿಡಿಸುವುದಿಲ್ಲ ಎಂದ. ಕಾರ್ಪಸ್ ಕ್ರಿಸ್ಟಿಯ ಡಾಕ್ಟರ್ ಹೆಕ್ಟರ್ ಗಾರ್ಸಿಯಾ ತಂತಿ ಕಳಿಸಿದವರಲ್ಲಿ ಹೊಸ ಸೆನೆಟರ್ ಜಾನ್ಸನ್ ಒಬ್ಬರು. ಅವರು ಮರುತಂತಿ ಕೊಟ್ಟು, ಫೆಬ್ರುವರಿ 16ರಂದು ಆರ್ಲಿಂಗ್ಟನ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಹೂಳುವ ಏರ್ಪಾಡು ಮಾಡಿಸಿದರು. 13ನೆಯ ಪೆಟ್ಟಿಗೆಯಿಂದ ಸೆನೆಟಿಗೆ ಹೋಗಿ ಆಗ ವಾರಗಳಷ್ಟೇ ಕಳೆದಿದ್ದವು.

ಇಲ್ಲಿಂದ ಹೆದ್ದಾರಿ 37 ಹಿಡಿದರೆ ಸಾನ್ ಆಂತೋನಿಯೊ ಒಂದು ಗಂಟೆಯ ಮೇಲೆ ಸ್ವಲ್ಪ. ಬಾಡಿಗೆ ಕಾರನ್ನು ಅಲ್ಲೇ ಬಿಡುವುದಾದರೆ ಹಾರ್ಲಿಂಜನ್‌ನಲ್ಲಿ ಹಿಡಿಯುವಾಗಲೇ ಹೇಳಬೇಕು, ಬೇರೆ ಊರಿನಲ್ಲಿ ಬಿಡುವ ಶುಲ್ಕ ಕೊನೆಯಲ್ಲಿ ಕೇಳಿದರೆ ದುಬಾರಿ.